ಕಡಲೆಕಾಯಿಯ ಸೀಮೆಯಲ್ಲಿ ತಾಳೆಯೆಣ್ಣೆ

ಸಿರಾ ತಾಲ್ಲೂಕಿನ ಗೌಡಗೆರೆ ಸೀಮೆಯೂ ನೆರೆಯ ಮಧುಗಿರಿ, ಪಾವಗಡಗಳೂ ಕಡಲೆಕಾಯಿಯ ಒಣನೆಲ. ಆದರೆ ಇಲ್ಲಿನ ಬೇಕರಿಯ ಪಫ್ಸ್, ಬಿಸ್ಕತ್ತುಗಳಿಗೆ ಬೀಳುವ ಜಿಡ್ಡು ಈ ನೆಲದ್ದಲ್ಲ.

ದ್ರವರೂಪದ ಎಣ್ಣೆಗೆ ನಿಕ್ಕಲ್ ಬಳಸಿ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸಿದ ವನಸ್ಪತಿಯು 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಮನೆಮನೆಗೆ ಬಂದಿತು. ಬಡವರ ತುಪ್ಪವೆಂದು ಅದನ್ನು ನಂಬಿದವರ ತಪ್ಪೇನೂ ಇರಲಿಲ್ಲ. ಅರೆಬರೆಯಾಗಿ ಜಲಜನಕ ಸೇರಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ, ಒಳ್ಳೆಯದನ್ನು ತಗ್ಗಿಸಿ, ಹೃದಯಕ್ಕೆ ಕುತ್ತು ತರುತ್ತದೆ ಎಂಬುದು ತಿಳಿದುಬಂದದ್ದು ಬಹಳ ತಡವಾಗಿ. ಡೆನ್ಮಾರ್ಕ್ 2003ರಲ್ಲಿಯೇ ಅದನ್ನು ಶೇಕಡಾ 2ಕ್ಕೆ ಮಿತಿಗೊಳಿಸಿತು. ಭಾರತದಲ್ಲಿ ಈ ಮಿತಿ 2021ರ ಜನವರಿಯಲ್ಲಿ ಶೇಕಡಾ 3ಕ್ಕೆ ಇಳಿದು, 2022ರ ಜನವರಿಯಲ್ಲಿ ಶೇಕಡಾ 2ಕ್ಕೆ ಬಂದಿತು. ತಡವಾದರೂ ಸ್ವಾಗತಾರ್ಹವಾದ ಕ್ರಮವಿದು.

ಆದರೆ ಪಫ್ಸ್‌ನ ಪದರಗಳಿಗೆ ಗಟ್ಟಿ ಜಿಡ್ಡು ಬೇಕೇ ಬೇಕು. ತೆರವಾದ ಆ ಸ್ಥಾನವನ್ನು ಬಹುಪಾಲು ತುಂಬಿದ್ದು ಸಹಜವಾಗಿಯೇ ಅರೆಗಟ್ಟಿಯಾಗಿರುವ ತಾಳೆಯೆಣ್ಣೆ. ಟ್ರಾನ್ಸ್ ಕೊಬ್ಬಿನಷ್ಟು ಕೇಡು ಅದರಲ್ಲಿಲ್ಲ. ಹಾಗೆಂದು ಅದು ನಿರಪಾಯಿಯೂ ಅಲ್ಲ, ಅದರ ಅರ್ಧದಷ್ಟು ಪರ್ಯಾಪ್ತ ಕೊಬ್ಬೇ. ಇನ್ನು ಅದು ಬರುವ ದಾರಿಯನ್ನು ನೋಡಿದರೆ, ಸುಮಾತ್ರಾ, ಬೋರ್ನಿಯೋಗಳ ಮಳೆಕಾಡುಗಳನ್ನು ಕಡಿದು, ಜೌಗುನೆಲಗಳನ್ನು ಬಸಿದು ಸುಟ್ಟು ಎಬ್ಬಿಸಿದ ತೋಟಗಳು ಕಾಣುತ್ತವೆ. ಒರಾಂಗುಟಾನ್ ನೆಲೆ ಕಳೆದುಕೊಂಡದ್ದು ಅಲ್ಲಿಯೇ. ಭಾರತವು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. ಅದರಲ್ಲಿ ತಾಳೆಯದೇ ದೊಡ್ಡ ಪಾಲು.

ಆಮದನ್ನು ತಗ್ಗಿಸಲೆಂದು ಕೇಂದ್ರವು 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಗಳ ತಾಳೆ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಅದರ ವಿಶೇಷ ಗಮನವಿರುವುದು ಈಶಾನ್ಯದ ಗುಡ್ಡಗಾಡುಗಳ ಮೇಲೆ, ಅಂಡಮಾನಿನ ಮೇಲೆ. ನೀರನ್ನು ಧಾರಾಳವಾಗಿ ಬೇಡುವ ಮರವನ್ನು ಕಾಡಂಚಿಗೆ ಒಯ್ಯುವ ಬದಲು, ಮುಂಗಾರಿನ ನಾಲ್ಕು ಹದಮಳೆಗೆ ಕಾಯಿ ಕಟ್ಟುವ ಕಡಲೆಕಾಯಿಗೆ ಆ ಕಾಳಜಿಯ ಒಂದು ಪಾಲನ್ನಾದರೂ ಕೊಡಬಹುದಿತ್ತು. (ಪಾವಗಡದ ತಿರುಮಣಿಯ ಸುತ್ತ 13,000 ಎಕರೆ ಭೂಮಿ ಗುತ್ತಿಗೆಗೆ ಹೋಗಿ ಈಗ ಬಿಸಿಲಿನ ವಿದ್ಯುತ್ತನ್ನು ಬೆಳೆಯುತ್ತಿರುವುದು ಬೇರೆಯೇ ಕಥೆ.)

ಕಡಲೆಕಾಯಿ ಎಣ್ಣೆಯಿಂದ ಪಫ್ಸ್ ಆಗದು, ನಿಜ. ಚಕ್ಕುಲಿ, ನಿಪ್ಪಟ್ಟು, ಖಾರಾಬೂಂದಿಗಳಿಗೆ ಅಂತಹ ಅಡ್ಡಿಯೇನಿಲ್ಲ, ಅಡ್ಡಿಯಿರುವುದು ಬೆಲೆಯಲ್ಲಿ. ತಾಳೆಯೆಣ್ಣೆ ಅಗ್ಗವಾಗಿರುವ ತನಕ ಅಂಗಡಿಯವನನ್ನು ದೂರಿ ಫಲವಿಲ್ಲ. ವಿದ್ಯಾರ್ಥಿನಿಲಯ, ಅಂಗನವಾಡಿಗಳ ಅಡುಗೆಗೆ ಊರ ಗಾಣದ ಎಣ್ಣೆಯನ್ನೇ ಕೊಳ್ಳಬೇಕೆಂದು ಸರ್ಕಾರ ನಿಯಮ ಮಾಡಿದರೆ ರೈತನಿಗೂ ಗಾಣದವನಿಗೂ ಒಂದು ಖಾತರಿ ದೊರೆಯುತ್ತದೆ.

ಪೊಟ್ಟಣದ ತಿನಿಸಿನ ಮೇಲೆ ಟ್ರಾನ್ಸ್ ಕೊಬ್ಬಿನ ಪ್ರಮಾಣವೂ ಬಳಸಿದ ಎಣ್ಣೆಯ ಹೆಸರೂ ಅಚ್ಚಾಗಿರುತ್ತವೆ. ಶಾಲಾ ಮಕ್ಕಳು ಓದಿ ನೋಡಬಹುದು. ಸಂತೆಯಲ್ಲಿ ಕಾಗದಕ್ಕೆ ಸುತ್ತಿ ಕೊಡುವ ಬೋಂಡಾಕ್ಕೆ ಅಂತಹ ಚೀಟಿಯಿಲ್ಲ. ಬಾಣಲೆಯಲ್ಲಿ ಕಪ್ಪಾದ ಎಣ್ಣೆಯನ್ನು ಎಷ್ಟು ಬಾರಿ ಕಾಯಿಸಿದರೆಂದು ಅಲ್ಲಿ ಕೇಳಿಯೇ ತಿಳಿಯಬೇಕು.