ಯಾರೂ ಕೇಳದ ಊರಿನಲ್ಲಿ ಪಾಸ್ಟರ್ ಅಯ್ಯನವರ ಮೊದಲ ಕೆಲಸ

ಕಲ್ಯಾಣ ಬಿಟ್ಟ ಮೇಲೆ ಕರ್ಜತ್ ಕಡೆಯ ಲೋಕಲ್ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಆಮೇಲೆ ಉಲ್ಹಾಸನಗರ, ಅಂಬರನಾಥ. ವಿಠ್ಠಲನನ್ನು ಕನ್ನಡದವನೆಂದು ಮರಾಠಿ ಸಂತರೇ ಹಾಡಿದ್ದಾರೆ. ಹಾಗಾಗಿ ಅವನ ಹೆಸರಿನ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮಗೆ ಆಶ್ಚರ್ಯವಿಲ್ಲ. ಬೀದರ, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ, ಕಾರ್ಖಾನೆ ಕೆಲಸಕ್ಕೆ ಬಂದವರು ಈ ಲೈನಿನಲ್ಲಿ ಸಿಗುತ್ತಲೇ ಇರುತ್ತಾರೆ. ಅವರಲ್ಲಿ ಕ್ರೈಸ್ತ ಮನೆಗಳೂ ಇವೆ. ಬಾಡಿಗೆಯ ಒಂದು ಹಾಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಢೋಲಕ್, ಕನ್ನಡ ಬೈಬಲ್. ನಮ್ಮ ಸಭೆ ಅಂದರೆ ಇಷ್ಟು.

ಕಳೆದ ತಿಂಗಳು ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತ್ತು. ಮುಂದಿನ ವರ್ಷ ಏನು ಮಾಡೋಣ ಎಂಬ ಮಾತು ಬಂತು. ಸ್ವಂತ ಜಾಗಕ್ಕೆ ಹಣ ಕೂಡಿಸಬೇಕು ಎಂದರು ಹಿರಿಯರೊಬ್ಬರು. ಹೊಸ ಮೈಕ್ ಸೆಟ್ ತಂದು ಯೂಟ್ಯೂಬಿನಲ್ಲಿ ಲೈವ್ ಮಾಡೋಣ ಎಂದರು ಹುಡುಗರು. ಹಿಂದಿಯಲ್ಲೂ ಒಂದು ಆರಾಧನೆ ಬೇಕು ಎಂದರು ಇನ್ನೊಬ್ಬರು. ಅಷ್ಟರಲ್ಲಿ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಒಬ್ಬರ ಹೆಸರು ಹೇಳಿ, "ಮೂರು ವಾರ ಆತು, ಅಂವ ಬಂದಿಲ್ಲಲ್ಲ, ಯಾಕ?" ಎಂದು ಕೇಳಿದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಸಂಜೆ ಪಾಸ್ಟರ್ ಅಯ್ಯನವರ ಜೊತೆ ನಾನೂ ಹೋದೆ. ಆತ ಕೆಲಸದ ಜಾಗದಲ್ಲಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. "ಭಾಳ ದಿನಕ್ಕ ಬಂದ್ರಿ ಅಯ್ಯನೋರ" ಎಂದ. ಅದರಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಅಂದಿನಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ. ಇಂಥ ಶಹರದಲ್ಲಿ ಸಭಾಪಾಲಕರ ಮೊದಲ ಕೆಲಸ ಯಾವುದು?

ಊರಿನಲ್ಲಿ ಒಬ್ಬ ಒಂದು ಭಾನುವಾರ ದೇವಾಲಯಕ್ಕೆ ಬರದಿದ್ದರೆ ಓಣಿಗೆ ಓಣಿಯೇ ಕೇಳುತ್ತದೆ. ಬೀಗರು ಕೇಳುತ್ತಾರೆ, ಕಿರಾಣಿ ಅಂಗಡಿಯವನೂ ಕೇಳುತ್ತಾನೆ. ಅಲ್ಲಿ ವಿಶ್ವಾಸವನ್ನು ಅರ್ಧ ಪಾಲು ಓಣಿಯೇ ಕಾಯುತ್ತದೆ. ಇಲ್ಲಿ ಹಾಗಿಲ್ಲ. ಇಲ್ಲಿನ ಜನ ದೇವರನ್ನು ಬಿಟ್ಟವರಲ್ಲ. ಗಣಪತಿ, ಉರುಸು, ಝೂಲೇಲಾಲ, ಕ್ರಿಸ್ಮಸ್ ಎಲ್ಲವೂ ಒಂದೇ ರಸ್ತೆಯಲ್ಲಿ ನಡೆಯುತ್ತವೆ. ಆದರೆ ನೀನು ಹೋದೆಯಾ, ಬಿಟ್ಟೆಯಾ ಎಂದು ಕೇಳುವವರು ಯಾರೂ ಇಲ್ಲ. ಶಹರದ ಜಾತ್ಯತೀತ ಬದುಕು ಎಂದರೆ ನಮ್ಮಂಥವರ ಪಾಲಿಗೆ ಇದೇ. ಇದರಲ್ಲಿ ಒಂದು ಬಿಡುಗಡೆಯೂ ಇದೆ. ಜಾತಿ ಹಿಡಿದು ಹಂಗಿಸುವವರ ಕಣ್ಣಿಂದ ಇಲ್ಲಿ ತಪ್ಪಿಸಿಕೊಳ್ಳಬಹುದು. ಆದರೆ ಬಿದ್ದಾಗ ಎತ್ತುವ ಕೈಯೂ ದೂರವಾಗುತ್ತದೆ. ಓಣಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಭೆ ಮಾಡಬೇಕು, ಅದಕ್ಕೆ ಪಾಸ್ಟರ್ ಅಯ್ಯನವರು ಮುಂದೆ ನಿಲ್ಲಬೇಕು. ಮೊದಲ ಕೆಲಸ ಮನೆ ಭೇಟಿ.

ಹೇಳುವುದು ಸುಲಭ. ಅಂಬರನಾಥ, ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳಲ್ಲಿ ಎಷ್ಟೋ ಜನರಿಗೆ ವಾರದ ರಜೆ ಶುಕ್ರವಾರ. ಭಾನುವಾರ ರೈಲ್ವೆಯ ಮೆಗಾಬ್ಲಾಕ್. ಹನ್ನೊಂದು ಗಂಟೆಯ ಆರಾಧನೆಗೆ ಬರಲಿಲ್ಲ ಎಂದು ಬೇಸರಿಸುವ ಮೊದಲು ಯಾರಿಗೆ ಯಾವ ಶಿಫ್ಟ್, ಯಾವ ದಿನ ರಜೆ ಎಂಬುದು ಸಭಾಪಾಲಕರಿಗೆ ತಿಳಿದಿರಬೇಕು. ಶುಕ್ರವಾರ ಸಂಜೆ ಒಂದು ಖೋಲಿಯಲ್ಲಿ ಐದು ಜನ ಕೂತು ಪ್ರಾರ್ಥಿಸಿದರೆ ಅದೂ ಸಭೆಯೇ.

ಮುಂಬಯಿಗೆ ಇದು ಹೊಸ ಪಾಠವೂ ಅಲ್ಲ. 1848ರಲ್ಲಿ ಅಮೆರಿಕದಿಂದ ಬಂದ ಜಾರ್ಜ್ ಬೋವೆನ್ ಮಿಶನ್ನಿನ ಸಂಬಳ ಬೇಡವೆಂದು ಬಿಟ್ಟು, ಬಜಾರಿನ ಜನರ ನಡುವೆ ಸಾದಾ ಕೋಣೆಯಲ್ಲಿ ಬದುಕಿದರು. 1888ರಲ್ಲಿ ತೀರಿಕೊಳ್ಳುವವರೆಗೂ ತಾಯ್ನಾಡಿಗೆ ಮರಳಲಿಲ್ಲ. ಅವರ ಮಾತಿನಿಂದ ಮತ ಬದಲಿಸಿದವರು ತೀರ ಕಡಿಮೆ. ಆದರೂ ಊರು ಅವರನ್ನು ಸಂತನೆಂದು ನೆನೆಯಿತು.

ಎರಡನೆಯದು ಪ್ರಸಂಗ. ಮನೆ ಭೇಟಿ ಮಾಡಿದವರ ಪ್ರಸಂಗ ಬೇರೆಯೇ ಇರುತ್ತದೆ. ಸಾಲದ ಕಂತು, ಕುಡಿತ, ಊರಲ್ಲಿ ಒಬ್ಬರೇ ಉಳಿದ ತಾಯಿ, ಸೈಟಿನಲ್ಲಿ ಕೂಲಿ ಕೊಡದ ಮುಕಾದಮ, ಇವೆಲ್ಲ ವಾಕ್ಯದ ಬೆಳಕಿಗೆ ಬರುತ್ತವೆ. ಇಂಟರ್ನೆಟ್ಟಿನಲ್ಲಿ ದೊಡ್ಡ ದೊಡ್ಡ ಬೋಧಕರು ಸಿಗುತ್ತಾರೆ. ಆದರೆ ಅವರಿಗೆ ನಮ್ಮ ಖೋಲಿ ಗೊತ್ತಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ರೋಗಿಗೆ ಪ್ರಾರ್ಥನೆ ಮಾಡಿದ ಮೇಲೆ "ಗುಳಿಗೆ ಬಿಡಬೇಡಪ್ಪ, ಡಾಕ್ಟರ್ ಹೇಳಿದ ದಿನ ಹೋಗು" ಎನ್ನುವ ಧೈರ್ಯ ಸಭಾಪಾಲಕರಿಗೆ ಬೇಕು. ಕಾಣಿಕೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಎದುರು ಓದಬೇಕು. ಶಹರದ ಜನ ಎಲ್ಲ ಕಡೆ ಮೋಸ ಕಂಡವರು. ಲೆಕ್ಕ ಸ್ವಚ್ಛವಿದ್ದರೆ ಮಾತನ್ನೂ ನಂಬುತ್ತಾರೆ.

ಮೂರನೆಯದು ಮಕ್ಕಳು. ಶಾಲೆ ಮರಾಠಿ ಅಥವಾ ಇಂಗ್ಲಿಷ್, ಗಲ್ಲಿಯಲ್ಲಿ ಹಿಂದಿ. ಮನೆಯ ಕನ್ನಡ ಅರ್ಥವಾಗುತ್ತದೆ, ಬೈಬಲಿನ ಕನ್ನಡ ಓದಲು ಬರುವುದಿಲ್ಲ. ಹಿಂದಿ ಆರಾಧನೆ ಕೇಳಿದವರ ಮಾತಿನಲ್ಲಿ ಸತ್ಯವಿದೆ. ಪೂರ್ತಿ ಹಿಂದಿಗೆ ಹೋದರೆ ಅಜ್ಜಿ ಮೂಕಳಾಗುತ್ತಾಳೆ, ಪೂರ್ತಿ ಕನ್ನಡಕ್ಕೆ ಅಂಟಿಕೊಂಡರೆ ಮೊಮ್ಮಗ ಮೊಬೈಲ್ ತೆಗೆಯುತ್ತಾನೆ. ನನಗೆ ಸರಿ ಕಾಣುವುದು ಇಷ್ಟು: ಹಾಡು, ವಾಕ್ಯ ಕನ್ನಡದಲ್ಲೇ ಇರಲಿ, ಪ್ರಸಂಗದ ಸಾರವನ್ನು ಹತ್ತು ನಿಮಿಷ ಮಕ್ಕಳ ಭಾಷೆಯಲ್ಲಿ ಹೇಳಲಿ. ಸಂಡೇ ಸ್ಕೂಲಿನಲ್ಲಿ ಅರ್ಧ ಗಂಟೆ ಅ, ಆ, ಇ, ಈ ಕಲಿಸಲಿ.

ನಾಲ್ಕನೆಯದು ನೆರೆಹೊರೆ. ನಮ್ಮಲ್ಲಿ ಕೆಲವರಿಗೆ ಕನ್ನಡದ ದಾಸರು, ಶರಣರು ಅಂದರೆ ಹೊರಗಿನವರೆಂಬ ಸಂಕೋಚವಿದೆ. ಅಂಥವರು ಉತ್ತಂಗಿ ಚೆನ್ನಪ್ಪನವರನ್ನು ನೆನೆಯಬೇಕು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ ಸಭೆಗಳಲ್ಲಿ ಪಾಲಕರಾಗಿದ್ದ ಅವರು, ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಅವರು ತಮ್ಮ ವಿಶ್ವಾಸ ಬಿಡಲಿಲ್ಲ, ನೆರೆಯವರ ನಿಧಿಯನ್ನು ಕೀಳಾಗಿಯೂ ಕಾಣಲಿಲ್ಲ.

ಇಂದು ಇದು ಇನ್ನೂ ಮುಖ್ಯ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಎರಡನ್ನೂ ತಿಳಿದು ನಡೆಯಬೇಕು. ಪಕ್ಕದ ಮನೆಯವರಿಗೆ ನಾವು ಯಾರು, ಏನು ಹಾಡುತ್ತೇವೆ, ಎಷ್ಟು ಹೊತ್ತಿಗೆ ಮುಗಿಸುತ್ತೇವೆ ಎಂಬುದು ಗೊತ್ತಿದ್ದರೆ ಅರ್ಧ ಸಂಶಯ ತಾನೇ ಕರಗುತ್ತದೆ. ಢೋಲಕ್ಕಿನ ಸದ್ದು ಹತ್ತನೇ ಕ್ಲಾಸಿನ ಪರೀಕ್ಷೆಯ ದಿನಗಳಲ್ಲಿ ಕಡಿಮೆಯಾಗಲಿ. ಅದೂ ಸಾಕ್ಷಿಯೇ.

ಇದೆಲ್ಲವನ್ನೂ ಒಬ್ಬ ಪಾಸ್ಟರ್ ಅಯ್ಯನವರ ತಲೆಗೆ ಕಟ್ಟುವುದು ಅನ್ಯಾಯ. ಎಷ್ಟೋ ಸಭಾಪಾಲಕರು ವಾರವಿಡೀ ಬೇರೆ ನೌಕರಿ ಮಾಡಿ ಸಭೆ ನಡೆಸುತ್ತಾರೆ. ಅವರಿಗೂ ಮಕ್ಕಳಿದ್ದಾರೆ, ಬಾಡಿಗೆ ಇದೆ, ದಣಿವಿದೆ. ಅವರನ್ನು "ಊಟ ಆತೇನ್ರಿ" ಎಂದು ಕೇಳುವವರು ಯಾರು? ಆದ್ದರಿಂದ ನಮ್ಮ ಕಮಿಟಿ ಒಂದು ತೀರ್ಮಾನ ಮಾಡಿತು. ಮೈಕ್ ಸೆಟ್ ಮುಂದಕ್ಕೆ ಹೋಯಿತು. ಒಂದು ಉದ್ದನೆಯ ನೋಟ್‌ಬುಕ್ ಬಂತು. ಅದರಲ್ಲಿ ಎಲ್ಲರ ಹೆಸರು, ಶಿಫ್ಟ್, ರಜೆಯ ದಿನ, ಊರಿನ ಫೋನ್ ನಂಬರ್ ಇದೆ. ಮನೆಗಳನ್ನು ಆರು ಜನ ಹಂಚಿಕೊಂಡಿದ್ದೇವೆ. ಬರದವರ ಹೆಸರು ಭಾನುವಾರವೇ ಗೊತ್ತಾಗಬೇಕು, ಮಂಗಳವಾರದೊಳಗೆ ಯಾರಾದರೂ ಅವರ ಬಾಗಿಲಿಗೆ ಹೋಗಿರಬೇಕು.

ಮೊದಲ ಹೆಸರನ್ನು ಆ ಅಜ್ಜಿಯ ಕೈಯಿಂದಲೇ ಬರೆಸಬೇಕೆಂದಿದ್ದೆವು. "ನನಗ ಬರಿಲಾಕ ಬರಂಗಿಲ್ಲ, ಕೇಳಲಾಕ ಬರ್ತದ" ಎಂದು ನಕ್ಕರು.