ಯಂತ್ರ ನೋಡಿತು ಸರಿ, ಸಹಿ ಯಾರದು?

ಮನೆಬಾಗಿಲಿಗೆ ಸಾಮಾನು ತಂದೊಪ್ಪಿಸುವ ಆನ್‌ಲೈನ್ ಅಂಗಡಿಗಳು ಈಗ ಹೊಸ ಮಂತ್ರವೊಂದನ್ನು ಜಪಿಸತೊಡಗಿವೆ. ಸರಕಿನ ಗುಣಮಟ್ಟವನ್ನು ಇನ್ನು ಕೃತಕ ಬುದ್ಧಿಮತ್ತೆ ನೋಡಿಕೊಳ್ಳುತ್ತದೆಯಂತೆ, ಗಿರಾಕಿಗಳು ನಿಶ್ಚಿಂತರಾಗಿರಬಹುದಂತೆ. ಈ ಮಾತಿಗೆ ತಲೆದೂಗುವ ಮೊದಲು ನಾವು ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಯಂತ್ರ ನೋಡುವುದು ಏನನ್ನು? ಅದು ಎಡವಿದರೆ ಹೊಣೆ ಯಾರದು?

ಮೊದಲನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಉತ್ತರ ಅಮೆರಿಕದ ತನ್ನ ಉಗ್ರಾಣಗಳಲ್ಲಿ ಇಂಥ ಏರ್ಪಾಡು ಮಾಡಿರುವುದಾಗಿ ಅಮೆಜಾನ್ ಕಂಪನಿ 2024ರಲ್ಲಿ ಪ್ರಕಟಿಸಿತು. ಸರಕು ಒಂದು ಸುರಂಗದಂಥ ಗೂಡಿನಲ್ಲಿ ಹಾದುಹೋಗುವಾಗ ಅದರ ಚಿತ್ರ ತೆಗೆಯಲಾಗುತ್ತದೆ. ಜಜ್ಜಿದೆಯೆ, ಹರಿದಿದೆಯೆ, ಬಣ್ಣ ಅಥವಾ ಅಳತೆ ತಪ್ಪಿದೆಯೆ ಎಂದು ಕಂಪ್ಯೂಟರು ಪತ್ತೆ ಹಚ್ಚುತ್ತದೆ. ಗಿರಾಕಿಗಳ ದೂರುಗಳನ್ನೂ ಓದಿ ದೋಷದ ಮೂಲವನ್ನು ಹುಡುಕುತ್ತದೆ. ಒಳ್ಳೆಯ ಕೆಲಸವೇ. ಕೋಟ್ಯಂತರ ಪೊಟ್ಟಣಗಳನ್ನು ಮನುಷ್ಯರೇ ಕೂತು ನೋಡಿ ಮುಗಿಸಲಾರರೆಂಬುದೂ ನಿಜ.

ಆದರೆ ವಿಜ್ಞಾನವನ್ನು ಒಂದಿಷ್ಟು ಓದಿದವರೆಲ್ಲ ಬಲ್ಲರು, ನೋಟ ಬೇರೆ, ಪರೀಕ್ಷೆ ಬೇರೆ. ಪ್ರೆಷರ್ ಕುಕ್ಕರಿನ ಹೊಳಪು ಕ್ಯಾಮೆರಾಕ್ಕೆ ಕಾಣುತ್ತದೆ. ಒಳಗೆ ಒತ್ತಡ ಮಿತಿಮೀರಿದಾಗ ಅದರ ಸೇಫ್ಟಿ ವಾಲ್ವ್ ಸಕಾಲಕ್ಕೆ ಬಿಟ್ಟುಕೊಳ್ಳುವುದೋ ಇಲ್ಲವೋ ಎಂಬುದು ಕಾಣುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಒತ್ತಡ ಏರಿಸಿಯೇ ತಿಳಿಯಬೇಕು. ಇನ್ನು ದೂರುಗಳನ್ನು ಓದಿ ಯಂತ್ರ ಕಲಿಯುವುದೆಂದರೆ, ಯಾರದೋ ಅಡಿಗೆಮನೆಯಲ್ಲಿ ಅನಾಹುತವಾದ ಮೇಲೆ ಕಲಿಯುವುದೆಂದೇ ಅರ್ಥ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಇನ್ನು ಹೊಣೆಯ ಮಾತು. ನಮ್ಮ ದೇಶದಲ್ಲಿ 2021ರ ಫೆಬ್ರವರಿ 1ರಿಂದ ಗೃಹಬಳಕೆಯ ಕುಕ್ಕರುಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಆ ನಿಯಮಕ್ಕೆ ಹೊರತಾದ 2,265 ಕುಕ್ಕರುಗಳು ಅಮೆಜಾನ್ ಮೂಲಕ ಮಾರಾಟವಾದುದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತು. ಕೊಂಡವರಿಗೆಲ್ಲ ತಿಳಿಸಬೇಕು, ಕುಕ್ಕರು ವಾಪಸು ಪಡೆದು ಹಣ ಹಿಂತಿರುಗಿಸಬೇಕು, 1 ಲಕ್ಷ ರೂಪಾಯಿ ದಂಡ ತೆರಬೇಕು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಆ ಕುಕ್ಕರುಗಳ ಮಾರಾಟದಿಂದ ಅದಕ್ಕೆ ದೊರೆತಿದ್ದ ಶುಲ್ಕವೇ 6,14,825 ರೂಪಾಯಿ! ದಂಡಕ್ಕಿಂತ ಲಾಭ ಆರು ಪಟ್ಟು ಹೆಚ್ಚಾದರೆ ವ್ಯಾಪಾರಿ ಯಾರಿಗೆ ಹೆದರಬೇಕು?

ಅಷ್ಟಕ್ಕೇ ನಿಲ್ಲಲಿಲ್ಲ. 2025ರ ಮಾರ್ಚ್ 19ರಂದು ನಮ್ಮದೇ ದೆಹಲಿಯ ಮೋಹನ್ ಕೋಆಪರೇಟಿವ್ ಕೈಗಾರಿಕಾ ಪ್ರದೇಶದಲ್ಲಿ ಅದೇ ಕಂಪನಿಯ ಉಗ್ರಾಣವನ್ನು ಭಾರತೀಯ ಮಾನಕ ಬ್ಯೂರೋದವರು 15 ಗಂಟೆಗೂ ಹೆಚ್ಚು ಕಾಲ ತಪಾಸಣೆ ಮಾಡಿದರು. ಐ.ಎಸ್.ಐ. ಮುದ್ರೆಯಿಲ್ಲದ ಅಥವಾ ನಕಲಿ ಮುದ್ರೆ ಹೊತ್ತ ಗೀಸರು, ಮಿಕ್ಸರು ಮುಂತಾದ 3,500ಕ್ಕೂ ಹೆಚ್ಚು ಸಾಮಾನುಗಳನ್ನು ಜಪ್ತಿ ಮಾಡಿದರು. ಅವುಗಳ ಬೆಲೆ ಸುಮಾರು 70 ಲಕ್ಷ ರೂಪಾಯಿ. ಅವನ್ನು ಪತ್ತೆ ಹಚ್ಚಿದ್ದು ಯಾವ ಕೃತಕ ಬುದ್ಧಿಯೂ ಅಲ್ಲ, ಸಂಬಳಕ್ಕೆ ದುಡಿಯುವ ಸರ್ಕಾರಿ ನೌಕರರು.

ಇಲ್ಲಿಯೇ ಇರುವುದು ಇಬ್ಬಂದಿತನ. ಕಾನೂನಿನ ಮುಂದೆ ನಿಂತಾಗ ಆನ್‌ಲೈನ್ ಅಂಗಡಿಗಳು ಹಾಡುವ ರಾಗವೇ ಬೇರೆ: ‘ನಾವು ಬರಿಯ ಸಂತೆಮಾಳ, ಮಾರುವವರು ಬೇರೆ, ದೋಷ ನಮ್ಮ ಅರಿವಿಗೆ ಬಂದಿರಲಿಲ್ಲ.’ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮು ಇಂಥ ಮಧ್ಯವರ್ತಿಗಳಿಗೆ ಆಸರೆಯಾಗಿದೆ. ಪ್ರಚಾರಕ್ಕೆ ನಿಂತಾಗ ಮಾತ್ರ ಅವರ ಯಂತ್ರಕ್ಕೆ ಸಾವಿರ ಕಣ್ಣು! ಎಲ್ಲವನ್ನೂ ಕಾಣುವ ಯಂತ್ರವಿದ್ದ ಮೇಲೆ ಅರಿವಿರಲಿಲ್ಲವೆಂಬ ನೆಪ ಹೇಗೆ ಉಳಿದೀತು? ಎರಡರಲ್ಲಿ ಒಂದನ್ನು ಅವರು ಬಿಡಲೇಬೇಕು.

ಸರ್ಕಾರಿ ಕಚೇರಿಯನ್ನು ಕೆಂಪುಪಟ್ಟಿಯೆಂದು ಹಳಿಯದವರಿಲ್ಲ. ಆದರೂ ನಮ್ಮಲ್ಲಿ ಒಂದು ಕುರ್ಚಿ ಖರೀದಿಯಾದರೂ ಅದನ್ನು ನೋಡಿ, ಸರಿಯಿದೆಯೆಂದು ಪಡೆದವನ ಸಹಿ ಕಡತದಲ್ಲಿರುತ್ತದೆ. ಆಡಿಟ್ ಆಕ್ಷೇಪಣೆ ಬಂದರೆ ಆ ಸಹಿಯೇ ಉತ್ತರ ಕೊಡಬೇಕು. ಯಂತ್ರಕ್ಕೆ ಸಹಿಯಿಲ್ಲ. ಆದ್ದರಿಂದ ಅದನ್ನು ಕೂರಿಸಿದವರೇ ಸಹಿ ಹಾಕಬೇಕು.

ನಾವು ಒತ್ತಾಯಿಸಬೇಕಾದುದು ಮೂರು. ಒಂದು, ಕಡ್ಡಾಯ ಮುದ್ರೆಯ ಸರಕಿನ ಲೈಸೆನ್ಸ್ ಸಂಖ್ಯೆಯನ್ನು ಬ್ಯೂರೋದ ದಾಖಲೆಯೊಡನೆ ತಾಳೆ ನೋಡದೆ ಅದನ್ನು ಮಾರಾಟಕ್ಕಿಡಬಾರದು. ಇದಕ್ಕೆ ಕೃತಕ ಬುದ್ಧಿಯೂ ಬೇಡ, ಲೆಡ್ಜರ್ ಹಿಡಿದ ಒಬ್ಬ ಗುಮಾಸ್ತ ಸಾಕು. ಎರಡು, ಒಂದು ಸರಕು ಅಪಾಯಕಾರಿಯೆಂದು ತಿಳಿದೊಡನೆ ಅದನ್ನು ಕೊಂಡ ಪ್ರತಿಯೊಬ್ಬರಿಗೂ ಸೂಚನೆ ಹೋಗಬೇಕು. ವಿಳಾಸವೆಲ್ಲ ಅವರ ಬಳಿಯೇ ಇದೆಯಲ್ಲ! ಮೂರು, ದಂಡವು ದೊರೆತ ಶುಲ್ಕಕ್ಕಿಂತ ಹಲವು ಪಟ್ಟು ಇರಬೇಕು.

ಅಲ್ಲಿಯವರೆಗೆ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳು ದೂರದೂರಿಂದ ಆರ್ಡರ್ ಮಾಡಿ ಕಳುಹಿಸಿದ ಕುಕ್ಕರನ್ನು ಒಲೆಗೇರಿಸುವ ಮುನ್ನ ಅದರ ಮೇಲಿನ ಐ.ಎಸ್.ಐ. ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ತಾಳೆ ನೋಡಿ. ಸಂಖ್ಯೆ ಇಲ್ಲದಿದ್ದರೆ, ಇದ್ದೂ ಸುಳ್ಳಾಗಿದ್ದರೆ, ಸುಮ್ಮನೆ ವಾಪಸು ಕಳುಹಿಸಿ ಕೈತೊಳೆದುಕೊಳ್ಳಬೇಡಿ. 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ನೀವು ವಾಪಸು ಮಾಡಿದ ಕುಕ್ಕರು ನಾಳೆ ನೆರೆಮನೆಯ ಒಲೆಯ ಮೇಲೆ ಕೂತೀತು.