ಡಿಸೆಂಬರ್ 16ರಂದು ನಾವೆಲ್ಲಿದ್ದೆವು?

ಕಳೆದ ಡಿಸೆಂಬರ್ 16ರಂದು ಅರ್ಧ ದಿನ ರಜೆ ಹಾಕಿ ಪುಣೆ ಕ್ಯಾಂಪಿನ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ. 1971ರಲ್ಲಿ ಢಾಕಾದಲ್ಲಿ ಪಾಕ್ ಸೇನೆ ಶರಣಾದ ದಿನವದು. ಪುಷ್ಪಚಕ್ರ ಇಟ್ಟರು, ಬ್ಯೂಗಲ್ ಊದಿದರು. ನಮ್ಮವರೆಂದು ಸಿಕ್ಕವರು ಗದಗಿನ ಕಡೆಯ ನಿವೃತ್ತ ಹವಾಲ್ದಾರರೊಬ್ಬರೇ. "ಏನ್ರೀ, ಸಂಘದವರು ಯಾರೂ ಬರಲಿಲ್ಲೇನು?" ಎಂದರು. ನಾನು ಬೂಟು ನೋಡಿಕೊಂಡೆ.

ರಾಜ್ಯೋತ್ಸವಕ್ಕೆ ಕುರ್ಚಿ ಸಾಲುವುದಿಲ್ಲ, ಹೋಳಿಗೆ ಊಟಕ್ಕೆ ಎರಡು ಪಂಕ್ತಿ. ಸ್ಮಾರಕವೆಂದರೆ ಮಾತ್ರ "ಅದು ಮಿಲಿಟರಿಯವರದು". ಸುಳ್ಳು! 1998ರ ಆಗಸ್ಟ್ 15ರಂದು ತೆರೆದ ಆ ಸ್ಮಾರಕ ಎದ್ದದ್ದೇ ನಾಗರಿಕರ ವಂತಿಗೆಯಿಂದ. ಇನ್ನು ಕೆಲವರು, ಸೈನ್ಯಕ್ಕೆ ಹೋಗುವವರು ಇಲ್ಲಿಯವರು, ನಾವಲ್ಲ ಎನ್ನುತ್ತಾರೆ. ಹಾಗಾದರೆ ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಯಾರವರು? 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹುದುಗಿದ್ದು, ಜೀವಂತ ಹೊರಬಂದು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಆ ವಾರ ಟಿ.ವಿ. ಮುಂದೆ ಅಳದ ಕನ್ನಡಿಗರ ಮನೆ ಪುಣೆಯಲ್ಲಿತ್ತೇ?

ನಾನೇನು ಸಾಚಾ ಅಲ್ಲ. ಡಿಸೆಂಬರ್ 7ರ ಧ್ವಜ ದಿನದ ಚೀಟಿಯನ್ನು ಆಫೀಸಿನಲ್ಲಿ ಅಂಗಿಗೆ ಚುಚ್ಚಿಕೊಂಡು ಸಂಜೆ ಕಸಕ್ಕೆ ಹಾಕಿದವನೇ.

ಕಾರ್ಯಕಾರಿ ಸಮಿತಿ ಈ ವರ್ಷದ ಖರ್ಚಿನಲ್ಲಿ ಒಂದು ಪುಷ್ಪಚಕ್ರದ ಹಣ ತೆಗೆದಿಡಲಿ. ಮಕ್ಕಳನ್ನು ಕರೆತರುವ ಹೊಣೆಗೆ ನನ್ನ ಹೆಸರು ಬರೆದುಕೊಳ್ಳಲಿ.